ಹಿಟ್ಟಿನ ಗಿರಣಿಯ ಮೇಲಿನ ಇಂಗ್ಲಿಷ್ ಕ್ಲಾಸು: ಡೊಂಬಿವಲಿಯಲ್ಲಿ 12 ವಾರ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಶನಿವಾರ, ಭಾನುವಾರ ಸಂಜೆ ಇಂಗ್ಲಿಷ್ ಕ್ಲಾಸು ನಡೆಯುತ್ತದೆ. ಹೊರಗೆ ಹೆಸರಿನ ಬೋರ್ಡಿಲ್ಲ. ಕಲಿಸುವವರು ಧಾರವಾಡ ಕಡೆಯ ನಿವೃತ್ತ ಶಿಕ್ಷಕಿ, ನಾವೆಲ್ಲ ಕರೆಯುವುದು ಅಕ್ಕೋರು ಅಂತಲೇ. ಕಲಿಸುವುದು ಕನ್ನಡದಲ್ಲಿ. ಅದೂ ಇಡೀ ಇಂಗ್ಲಿಷನ್ನಲ್ಲ. ದ, ಎ, ಇನ್, ಆನ್, ಆ್ಯಟ್, ಬೈ, ಟಿಲ್, ಸಿನ್ಸ್, ಫಾರ್, ಸಮ್, ಎನಿ, ಬಟ್, ಇಂಥ ಚಿಲ್ಲರೆ ಪದಗಳನ್ನು ಮಾತ್ರ. ಹನ್ನೆರಡು ವಾರಕ್ಕೆ 4,500 ರೂಪಾಯಿ. ನಾನು ಒಂದು ಬ್ಯಾಚು ಪೂರ್ತಿ ಮುಗಿಸಿದ್ದೇನೆ, ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಕುಮಟೆ ಹತ್ತಿರ. ಹತ್ತನೆಯ ತನಕ ಕನ್ನಡ ಮಾಧ್ಯಮ, ಪಿಯುಸಿಗೆ ಓದು ನಿಂತಿತು. ಮದುವೆಯಾಗಿ 2008ರಲ್ಲಿ ಇಲ್ಲಿಗೆ ಬಂದೆ. ಈಗ ಭಿವಂಡಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ದಿನಕ್ಕೆ ಮೂವತ್ತು ನಲವತ್ತು ಮೇಲ್ ಬರೆಯುವ ಕೆಲಸ. ದೊಡ್ಡ ದೊಡ್ಡ ಪದಗಳು ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಕನ್ಸೈನ್‌ಮೆಂಟ್, ಡೆಮರೇಜ್, ಅಕ್ನಾಲೆಜ್‌ಮೆಂಟ್, ಎಲ್ಲ ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ. ಎಡವಿದ್ದು ನಾಲ್ಕಕ್ಷರದ ಪದಕ್ಕೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಸೇಠ್ ಹಿಂದಿಯಲ್ಲಿ ಹೇಳಿದರು, ಪಾರ್ಟಿಗೆ ಮೇಲ್ ಹಾಕು, 'ಶುಕ್ರವಾರ್ ತಕ್ ಮಾಲ್ ಗೋಡೌನ್ ಮೇ ಆ ಜಾಯೇಗಾ'. ನಾನು ಬರೆದೆ: 'ಯುವರ್ ಮೆಟೀರಿಯಲ್ ವಿಲ್ ಬಿ ಇನ್ ಅವರ್ ಗೋಡೌನ್ ಟಿಲ್ ಫ್ರೈಡೇ'. ಶುಕ್ರವಾರದೊಳಗೆ ಬಂದು ಸೇರುತ್ತದೆ ಅಂತ ನನ್ನ ಮನಸ್ಸಿನಲ್ಲಿ. ಪಾರ್ಟಿಯವರು ಓದಿಕೊಂಡದ್ದು, ಶುಕ್ರವಾರದವರೆಗೆ ಇರುತ್ತದೆ, ಆಮೇಲೆ ಇರುವುದಿಲ್ಲ ಅಂತ. ಗಡಿಬಿಡಿಯಲ್ಲಿ ಬುಧವಾರವೇ ಗುಜರಾತಿನ ವಾಪಿಯಿಂದ ಟೆಂಪೊ ಕಳಿಸಿದರು. ಮಾಲು ಇನ್ನೂ ದಾರಿಯಲ್ಲಿತ್ತು. ಟೆಂಪೊ ಎರಡು ದಿನ ಗೇಟಿನ ಹೊರಗೆ ಮಳೆಯಲ್ಲಿ ನಿಂತಿತು, 3,000 ರೂಪಾಯಿ ಹಾಲ್ಟಿಂಗ್ ನಮ್ಮ ತಲೆಗೆ ಬಂತು. ಸೇಠ್ ನನ್ನ ಮೇಲನ್ನು ಪ್ರಿಂಟ್ ತೆಗೆಸಿ ಎಲ್ಲರೆದುರಿಗೆ ಓದಿಸಿದರು. ಓದಿದ ಮೇಲೂ ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಾಗಲಿಲ್ಲ. ಸಂಜೆ ಲೋಕಲ್‌ನಲ್ಲಿ ಮನೆಗೆ ಬರುವಾಗ ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ.

ಅದಕ್ಕೂ ಮೊದಲು ಥಾಣೆಯಲ್ಲಿ ಒಂದು ಕ್ಲಾಸಿಗೆ ಹೋಗಿದ್ದೆ. ಹೆಸರು ಹೇಳುವುದಿಲ್ಲ. 12,000 ಕೊಟ್ಟೆ, ಎಲ್ಲ ಹಿಂದಿಯಲ್ಲಿ. ಧೈರ್ಯವಾಗಿ ಮಾತಾಡಿ, ತಪ್ಪಾದರೂ ಪರವಾಗಿಲ್ಲ ಅಂತ ಹೇಳಿಕೊಟ್ಟರು. ನನಗೆ ಮಾತ್ರ ತಪ್ಪಾದರೆ ಟೆಂಪೊ ಬಂದು ನಿಲ್ಲುತ್ತದೆ.

ಅಕ್ಕೋರ ಕ್ಲಾಸಿನ ಮೊದಲ ದಿನ, ಯಾಕೆ ಸೇರಿದಿರಿ ಅಂತ ಪ್ರತಿಯೊಬ್ಬರನ್ನೂ ಕೇಳಿದರು. ನಾನು ಆ ಮೇಲ್‌ನ ಕತೆ ಹೇಳಿದೆ. ಅವರು ಬೋರ್ಡಿನ ಕಡೆ ತಿರುಗಿ ಎರಡೇ ಸಾಲು ಬರೆದರು. 'ಶುಕ್ರವಾರದೊಳಗ ಬಾ.' 'ಶುಕ್ರವಾರದ ತನಕ ಇರು.' ಆಮೇಲೆ ನನ್ನನ್ನು ಕೇಳಿದರು, "ಇವೆರಡೂ ಒಂದs ಏನವಾ?"

"ಅಲ್ಲ ಅಕ್ಕೋರೇ."

"ಮತ್ತ? ಒಳಗ ಅಂದ್ರ ಬೈ. ತನಕ ಅಂದ್ರ ಟಿಲ್. ಹಿಂದಿಯವರಿಗೆ ಎರಡಕ್ಕೂ 'ತಕ್' ಒಂದs. ಮರಾಠಿಯೊಳಗೂ 'ಪರ್ಯಂತ' ಒಂದs. ನಿನ್ನ ಕನ್ನಡದಾಗ ಎರಡು ಅದಾವು. ಸೇಠ ಹಿಂದಿಯೊಳಗ ಹೇಳಿದ್ದನ್ನ ಸೀದಾ ಇಂಗ್ಲಿಷಿಗೆ ಹಾಕಿದಿ. ನಡುವ ನಿನ್ನ ಕನ್ನಡವನ್ನ ಒಂದು ಮಾತು ಕೇಳಬೇಕಿತ್ತು."

ನಾನು ಆ ಎರಡು ಸಾಲನ್ನು ನೋಡುತ್ತಾ ಕೂತುಬಿಟ್ಟೆ. ಇಷ್ಟು ವರ್ಷ ಕನ್ನಡ ಮಾಧ್ಯಮದಿಂದಾಗಿಯೇ ನನ್ನ ಇಂಗ್ಲಿಷ್ ಹೀಗಾಯಿತು ಅಂತ ನಂಬಿಕೊಂಡು ಬಂದಿದ್ದೆ. ಮನೆಗೆ ಬಂದು ಮಗನಿಗೆ ಹೇಳುವ ಮಾತನ್ನೇ ಪರೀಕ್ಷೆ ಮಾಡಿ ನೋಡಿದೆ. ಎಂಟು ಗಂಟೆಯೊಳಗೆ ಮನೆಗೆ ಬಾ, ಇಲ್ಲಿ ಬೈ. ಎಂಟು ಗಂಟೆ ತನಕ ಆಡು, ಇಲ್ಲಿ ಟಿಲ್. ಒಂದು ಸಲ ನಡೆದು ಮುಗಿಯುವ ಕೆಲಸಕ್ಕೆ ಒಳಗೆ, ಎಳೆದುಕೊಂಡು ಹೋಗುವುದಕ್ಕೆ ತನಕ. ಮರುವಾರ ಕೇಳಿದೆ, 'ಶುಕ್ರವಾರದ ತನಕ ಮಾಲು ಬರುವುದಿಲ್ಲ' ಅಂದರೆ? ಬರುವುದು ಒಂದೇ ಸಲದ ಕೆಲಸ ತಾನೆ? ಅಕ್ಕೋರಿಗೆ ಈ ಪ್ರಶ್ನೆ ಬಹಳ ಇಷ್ಟವಾಯಿತು. ಬರದೇ ಇರುವುದು ಶುಕ್ರವಾರದ ತನಕ ಎಳೆಯುತ್ತದಲ್ಲ, ಹಾಗಾಗಿ ಅಲ್ಲಿಯೂ ಟಿಲ್ಲೇ ಸರಿ ಅಂದರು.

ಇನ್, ಆನ್, ಆ್ಯಟ್‌ಗೆ ಮೂರು ಸಂಜೆ ಹಿಡಿಯಿತು, ಹಿಡಿಯಬೇಕಾದದ್ದೇ. ಜಾಗದ ವಿಷಯದಲ್ಲಿ ನಮ್ಮ 'ಅಲ್ಲಿ' ಮೂರೂ ಕೆಲಸ ಮಾಡುತ್ತದೆ, ಆದ್ದರಿಂದ ಅಲ್ಲಿ ಕನ್ನಡದ ಆಸರೆ ಕಡಿಮೆ. ಅಕ್ಕೋರು ದಿನಾ ಕಿವಿಗೆ ಬೀಳುವ ರೈಲ್ವೆ ಅನೌನ್ಸ್‌ಮೆಂಟನ್ನೇ ಪಾಠ ಮಾಡಿಕೊಂಡರು. ಈ ಗಾಡಿ ಇಂತಿಂಥ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ ಎನ್ನುವಾಗ 'ವಿಲ್ ನಾಟ್ ಹಾಲ್ಟ್ ಆ್ಯಟ್' ಅನ್ನುತ್ತಾರೆ. ಓಡುವ ಗಾಡಿಗೆ ಠಾಕುರ್ಲಿ, ಕೋಪರ್ ಎಲ್ಲ ದಾರಿಯ ಮೇಲಿನ ಒಂದೊಂದು ಚುಕ್ಕೆ, ಚುಕ್ಕೆಗೆ ಆ್ಯಟ್. ಊರು ನಮ್ಮನ್ನು ಸುತ್ತುವರಿದಿರುತ್ತದೆ, ಹಾಗಾಗಿ 'ಇನ್ ಡೊಂಬಿವಲಿ'. ಪ್ಲಾಟ್‌ಫಾರ್ಮ್ ಕಾಲಡಿಯ ನೆಲ, ಅದಕ್ಕೆ ಆನ್. ಲೋಕಲ್ ಹತ್ತಿದ ಮೇಲೂ 'ಆನ್ ದ ಟ್ರೇನ್', ಇಳಿದು ರಿಕ್ಷಾ ಹಿಡಿದರೆ ಮಾತ್ರ 'ಇನ್ ಎ ರಿಕ್ಷಾ'. ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ ಆನ್, ಕೂತೇ ಹೋಗಬೇಕಾದದ್ದಕ್ಕೆ ಇನ್ ಅಂತ ನೆನಪಿಟ್ಟುಕೊಳ್ಳಿ ಅಂದರು. ಮೇಲೆ ಕಾಲು ಹಾಕಿ ಕೂರುವ ಬೈಕಿಗೆ ಮತ್ತೆ ಆನ್.

ಹೊತ್ತಿನ ವಿಷಯಕ್ಕೆ ಬಂದಾಗ ಕನ್ನಡ ಮತ್ತೆ ಕೈ ಹಿಡಿಯಿತು. ನಾವು 'ಐದು ಗಂಟೆಗೆ' ಅನ್ನುತ್ತೇವೆ, 'ಶುಕ್ರವಾರ ಬಾ' ಅನ್ನುತ್ತೇವೆ, 'ಜುಲೈನಲ್ಲಿ' ಅನ್ನುತ್ತೇವೆ. 'ಗೆ' ಬಂದಲ್ಲಿ ಆ್ಯಟ್. ವಾರದ ಹೆಸರು ಬರಿದಾಗಿ ನಿಂತಲ್ಲಿ ಆನ್. 'ನಲ್ಲಿ' ಬಂದಲ್ಲಿ ಇನ್. ಬೆಳಿಗ್ಗೆ, ರಾತ್ರಿಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ, 'ಇನ್ ದ ಮಾರ್ನಿಂಗ್', 'ಆ್ಯಟ್ ನೈಟ್' ಬಾಯಿಪಾಠ ಮಾಡಲೇಬೇಕು. ಉಳಿದದ್ದು ನಮ್ಮ ನಾಲಿಗೆಯ ಮೇಲೇ ಇತ್ತು. ಯಾರೂ ತೋರಿಸಿರಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪಾಠ 'ದ' ಪದದ್ದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಅದು, ನಮ್ಮಲ್ಲಿ ಅದಕ್ಕೆ ಸಮನಾದ ಪದವೇ ಇಲ್ಲ. ಅಕ್ಕೋರು ಕೇಳಿದರು, "'ಗಾಡಿ ತಂದೆ' ಅಂದ್ರೂ ಕನ್ನಡಾನ, 'ಗಾಡಿಯನ್ನ ತಂದೆ' ಅಂದ್ರೂ ಕನ್ನಡಾನ. ಫರಕ್ ಏನೈತಿ?" ಹಿಂದಿನ ಬೆಂಚಿನಲ್ಲಿದ್ದ, ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿರುವ ಕುಂದಾಪುರದ ಹುಡುಗ ಸ್ವಲ್ಪ ಯೋಚಿಸಿ ಹೇಳಿದ, ಮೊದಲನೆಯದು ಯಾವುದೋ ಒಂದು ಗಾಡಿ, ಎರಡನೆಯದು ನಮ್ಮಿಬ್ಬರಿಗೂ ಗೊತ್ತಿರುವ ಗಾಡಿ. ಅಷ್ಟೇ. 'ಎ' ಮತ್ತು 'ದ' ಇರುವುದು ಅಲ್ಲೇ. ನಾನು ಕೇಳಿದೆ, 'ಹುಡುಗನನ್ನು ನೋಡಿದೆ' ಅನ್ನುವಾಗ ಯಾವ ಹುಡುಗನಾದರೂ 'ಅನ್ನು' ಬಿಡುವುದಿಲ್ಲವಲ್ಲ? ಹೌದು, ಮನುಷ್ಯರಿಗೆ ಈ ಗುರುತು ನಡೆಯುವುದಿಲ್ಲ, ವಸ್ತುಗಳಿಗೆ ಮಾತ್ರ ಅಂತ ಒಪ್ಪಿಕೊಂಡರು. ತಮ್ಮ ಉಪಾಯ ಎಲ್ಲಿಗೆ ನಿಲ್ಲುತ್ತದೆ ಅಂತ ಬಾಯಿ ಬಿಟ್ಟು ಹೇಳುವ ಶಿಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ.

ಸಿನ್ಸ್ ಮತ್ತು ಫಾರ್‌ನಲ್ಲಿ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುತ್ತದೆ. '2008ರಿಂದ' ಅನ್ನುತ್ತೇವೆ, '17 ವರ್ಷದಿಂದ' ಅಂತಲೂ ಅನ್ನುತ್ತೇವೆ, ಎರಡಕ್ಕೂ 'ಇಂದ'. ಯಾವಾಗಿನಿಂದ ಅಂತ ಕೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಕೇಳಿದರೆ ಫಾರ್. 'ಯಾರೂ ಬರಲಿಲ್ಲ' ಅನ್ನುವುದನ್ನು ಪದಕ್ಕೆ ಪದ ಇಟ್ಟು 'ಎನಿಬಡಿ ಡಿಡ್ ನಾಟ್ ಕಮ್' ಅಂತ ನಾನು ಎಷ್ಟು ಸಲ ಬರೆದಿದ್ದೇನೋ, 'ನೋಬಡಿ ಕೇಮ್' ಅನ್ನಬೇಕು. 'ಇಲ್ಲೇ ಇದೆ' ಅನ್ನುವಾಗಿನ 'ಏ'ಕಾರಕ್ಕೆ ಓನ್ಲಿ ಹಚ್ಚಬಾರದು, ದನಿಯಲ್ಲೇ ಒತ್ತು ಕೊಟ್ಟರೆ ಸಾಕು. ನಾವು ಎರಡನ್ನೂ 'ಆಫ್' ಅನ್ನುತ್ತೇವಲ್ಲ, ಅದರಲ್ಲಿ ಒಂದು ಎಫ್ ಇರುವುದನ್ನು 'ಅವ್' ಅಂತಲೂ ಎರಡು ಎಫ್ ಇರುವುದನ್ನು 'ಆಫ್' ಅಂತಲೂ ಹೇಳಬೇಕಂತೆ. ಮೂಲದಲ್ಲಿ ಎರಡೂ ಒಂದೇ ಪದ, 1600ರ ನಂತರವೇ ಪೂರ್ತಿ ಬೇರೆಯಾದವು.

ನಡುನಡುವೆ ಇಂಥ ಕತೆಗಳು ಬರುತ್ತವೆ. 'ಎ', 'ಆ್ಯನ್' ಎರಡೂ 'ಒಂದು' ಅನ್ನುವ ಹಳೆಯ ಪದದಿಂದ ಬಂದವು. ಮೊದಲಿದ್ದದ್ದು ಆ್ಯನ್, ವ್ಯಂಜನದ ಎದುರು ಅದರ ನಕಾರ ಉದುರಿತು. ಬರವಣಿಗೆ ನೋಡಬೇಡಿ, ದನಿ ಕೇಳಿ ಅಂತ ಅಕ್ಕೋರು ಹೇಳುವುದು ಅದಕ್ಕೇ: ಆ್ಯನ್ ಅವರ್, ಎ ಯೂನಿವರ್ಸಿಟಿ. ಅಂಪೈರ್ ಪದದ ಮೊದಲಲ್ಲಿ ಹಿಂದೆ ನಕಾರ ಇತ್ತು. ಹಳೆಯ ಫ್ರೆಂಚಿನಿಂದ ಬಂದದ್ದು, ಜೋಡಿಗೆ ಸೇರದ ಮೂರನೆಯವ ಅಂತ ಅರ್ಥ. ಜನ ಹೇಳುತ್ತಾ ಹೇಳುತ್ತಾ ಆ ನಕಾರ 'ಎ' ಪದಕ್ಕೆ ಅಂಟಿಕೊಂಡು 'ಆ್ಯನ್ ಅಂಪೈರ್' ಆಯಿತು. ಕ್ರಿಕೆಟ್ ಹುಚ್ಚಿನ ನನ್ನ ಮಗನಿಗೆ ಹೇಳಿದೆ. ಟೀಮಿಗೆಲ್ಲ ಹೇಳಿ ಬಂದಿದ್ದಾನೆ.

ಕೊರತೆಗಳೂ ಇವೆ. ಕೋಣೆ ಚಿಕ್ಕದು, ನಾವು 22 ಜನ ಇದ್ದೆವು, ಫ್ಯಾನು ಎರಡೇ. ನೋಟ್ಸು ಝೆರಾಕ್ಸಿನ ಝೆರಾಕ್ಸು, ಕೆಲವು ಪುಟಗಳಲ್ಲಿ ಅಂಚಿನ ಅಕ್ಷರವೇ ಇಲ್ಲ. ಬರೆದು ಕೊಟ್ಟ ಹೋಮ್‌ವರ್ಕ್ ತಿದ್ದಿ ಕೈಗೆ ಬರಲು ಎರಡು ವಾರ, ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಒಂದು ವಾರ ತಪ್ಪಿದರೆ ಅದನ್ನು ಮತ್ತೆ ಹೇಳಿಕೊಡುವುದಿಲ್ಲ. ಮಾತಾಡುವ ಅಭ್ಯಾಸ ಬಹಳ ಕಡಿಮೆ, ಫೋನಿನಲ್ಲಿ ಮಾತಾಡುವ ಕೆಲಸದವರಿಗೆ ಇದೊಂದೇ ಸಾಲದು. ಇನ್ನೊಂದು ಮುಖ್ಯ ವಿಷಯ: ಇಲ್ಲೇ ಹುಟ್ಟಿ ಬೆಳೆದು ಕನ್ನಡವನ್ನು ಮನೆಯಲ್ಲಿ ಅಷ್ಟಿಷ್ಟು ಕೇಳಿದ ಮಕ್ಕಳಿಗೆ ಇದು ಹಿಡಿಯುವುದಿಲ್ಲ. ನನ್ನ ಮಗ ಒಂದು ಭಾನುವಾರ ಬಂದು ಕೂತ. ಒಳಗೆ, ತನಕ ಅಂದಾಗ ಅವನಿಗೆ ಎರಡೂ ಒಂದೇ ಅನಿಸಿತು. ಅಕ್ಕೋರು ಬೇಸರ ಮಾಡಿಕೊಳ್ಳಲಿಲ್ಲ. ನನ್ನನ್ನು ಕರೆದು, ಇವನಿಗೆ ಮೊದಲು ನೀನು ಕನ್ನಡ ಹೇಳಿಕೊಡು ಅಂದರು. ಆ ಮಾತು ನನಗೆ ತಾಗಿತು. ಈಗ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಬ್ಬರೂ ಕೂರುತ್ತೇವೆ.

ಕನ್ನಡ ಮಾಧ್ಯಮದಲ್ಲಿ ಓದಿ ಆಫೀಸಿನಲ್ಲಿ ಇಂಗ್ಲಿಷ್ ಬರೆಯಬೇಕಾದವರು ಕಣ್ಣು ಮುಚ್ಚಿ ಸೇರಬಹುದು. ದುಡ್ಡು ಮೊದಲ ದಿನವೇ ಪೂರ್ತಿ ಕೊಡಬೇಕಿಲ್ಲ, ಎರಡು ಕಂತಿನಲ್ಲಿ ತೆಗೆದುಕೊಳ್ಳುತ್ತಾರೆ. ನೀವು ಬರೆದ ನಾಲ್ಕೈದು ಮೇಲ್‌ಗಳ ಪ್ರಿಂಟ್ ತೆಗೆದುಕೊಂಡು ಹೋಗಿ, ಅಕ್ಕೋರು ಅದರಿಂದಲೇ ಪಾಠ ಶುರು ಮಾಡುತ್ತಾರೆ. ಶನಿವಾರ ಸಂಜೆ ಗಿರಣಿಗೆ ಗಿರಾಕಿ ಜಾಸ್ತಿ, ಏಳೂವರೆ ತನಕ ಸದ್ದು ನಿಲ್ಲುವುದಿಲ್ಲ. ಆರು ಗಂಟೆಯೊಳಗೆ ಹೋಗಿ ಮುಂದಿನ ಬೆಂಚು ಹಿಡಿಯಿರಿ.