ಬ್ಯಾಕಪ್ ತೆಗೆಯುವಾಗ /ವಾರ್/ಲಿಬ್ ಬಿಡಬೇಡಿ

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ನಾನು ಎರಡು ದಿನ ಒದ್ದಾಡಿದ್ದೇನೆ. ನಿಮಗೆ ಆ ಗತಿ ಬೇಡ.

ನಮ್ಮ ಆಫೀಸಿನ ಬಿಲ್ಲಿಂಗ್ ನಡೆಯುತ್ತಿದ್ದದ್ದು ಉಬುಂಟು 18.04 ಹಾಕಿದ್ದ ಒಂದು ಯಂತ್ರದಲ್ಲಿ. ಜಿಎಸ್‌ಟಿ ರಿಟರ್ನ್ ಹಾಕಲು ಮೂರು ದಿನ ಇದ್ದಾಗ ಅದರ ಡಿಸ್ಕ್ ಕೈಕೊಟ್ಟಿತು. ದಿನಾ ರಾತ್ರಿ ಆರ್‌ಸಿಂಕ್‌ನಲ್ಲಿ (ಫೈಲುಗಳನ್ನು ನಕಲು ಮಾಡುವ ಟೂಲ್) ಬ್ಯಾಕಪ್ ಆಗುತ್ತಿತ್ತು, ಹಾಗಾಗಿ ಧೈರ್ಯವಾಗಿದ್ದೆ. ಹೊಸ ಡಿಸ್ಕಿಗೆ ಮೊದಲಿದ್ದ ಪ್ಯಾಕೇಜುಗಳನ್ನೇ (ಸಾಫ್ಟ್‌ವೇರ್‌ಗಳನ್ನೇ) ಹಾಕಿ ಡೇಟಾ ತುಂಬಿದರೆ ಆಯ್ತು, ಅಲ್ವಾ? ಆದರೆ ಮೊದಲು ಏನೇನಿತ್ತು ಅಂತ ಗೊತ್ತಾಗಬೇಕಲ್ಲ.

ತನ್ನೊಳಗೇ ಲಿನಕ್ಸ್ ಇರುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಬ್ಯಾಕಪ್ ಡಿಸ್ಕನ್ನು ಮೌಂಟ್ ಮಾಡಿ, ಅದರ ಒಳಗೆ ಹೋಗಿ ಹಾಕಿರುವ ಪ್ಯಾಕೇಜುಗಳ ಪಟ್ಟಿ ತೋರಿಸುವ 'ಡಿಪಿಕೆಜಿ -ಎಲ್' ಕಮಾಂಡ್ ಕೊಟ್ಟೆ. ಉದ್ದನೆ ಪಟ್ಟಿ ಬಂತು. ನೋಡಿದರೆ ಅದರಲ್ಲಿ ನಮ್ಮ ಡೇಟಾಬೇಸ್ ಮಾರಿಯಾಡಿಬಿ ಇಲ್ಲ, ಲಿಬ್ರೆಆಫೀಸ್ ಇದೆ! ನಾವು ಸರ್ವರಿಗೆ ಲಿಬ್ರೆಆಫೀಸ್ ಹಾಕಿರಲೇ ಇಲ್ಲ. ಅದು ಪೆನ್‌ಡ್ರೈವ್‌ನ ಪಟ್ಟಿ. ನೀವು ಯಾವ ಫೋಲ್ಡರಿನಲ್ಲಿದ್ದರೂ ಡಿಪಿಕೆಜಿ ಓದುವುದು ಆಗ ಓಡುತ್ತಿರುವ ಸಿಸ್ಟಮ್ಮಿನದನ್ನೇ. ಬ್ಯಾಕಪ್‌ನದು ಬೇಕಾದರೆ 'ಅಡ್ಮಿನ್‌ಡಿರ್' ಆಯ್ಕೆ ಕೊಟ್ಟು, ಪ್ಯಾಕೇಜುಗಳ ದಾಖಲೆ ಇರುವ, ಬ್ಯಾಕಪ್ ಒಳಗಿನ /ವಾರ್/ಲಿಬ್/ಡಿಪಿಕೆಜಿ ಫೋಲ್ಡರನ್ನು ತೋರಿಸಬೇಕು.

ತೋರಿಸೋಣ ಅಂದರೆ ಆ ಫೋಲ್ಡರೇ ಇಲ್ಲ. ಡೇಟಾಬೇಸಿನ ಡಂಪ್ ಬೇರೆ ತೆಗೆಯುತ್ತೇನಲ್ಲ, ಸುಮ್ನೆ ಜಾಗ ಯಾಕೆ ಅಂತ ಯಾವಾಗಲೋ ಇಡೀ /ವಾರ್/ಲಿಬ್ ಅನ್ನೇ ಬ್ಯಾಕಪ್‌ನಿಂದ ಹೊರಗಿಟ್ಟಿದ್ದೆ. ಬಿಡಬೇಕಾಗಿದ್ದದ್ದು ಅದರೊಳಗೆ ಮಾರಿಯಾಡಿಬಿ ತನ್ನ ಡೇಟಾ ಇಡುವ ಮೈಎಸ್‌ಕ್ಯೂಎಲ್ ಫೋಲ್ಡರ್ ಒಂದನ್ನು ಮಾತ್ರ.

ಕೊನೆಗೆ ಕೈಹಿಡಿದದ್ದು /ವಾರ್/ಬ್ಯಾಕಪ್ಸ್. ಡೆಬಿಯನ್ ಮತ್ತು ಉಬುಂಟು ಪ್ಯಾಕೇಜುಗಳ ಸ್ಟೇಟಸ್ ಫೈಲಿನ ಪ್ರತಿಯನ್ನು ತಾವಾಗಿಯೇ ಅಲ್ಲಿ ಇಟ್ಟುಕೊಳ್ಳುತ್ತವೆ. ಹೆಸರು 'ಡಿಪಿಕೆಜಿ.ಸ್ಟೇಟಸ್.0'. ಬರೀ ಟೆಕ್ಸ್ಟ್ ಫೈಲ್. ಅದನ್ನು ಕಂಡಾಗ ಹೋದ ಜೀವ ಬಂದಂತಾಯಿತು.

ಆ ಅವಸರದಲ್ಲೇ ಇನ್ನೊಂದು ಏಟು ಬಿತ್ತು. 'ಪ್ಯಾಕೇಜ್:' ಅಂತ ಶುರುವಾಗುವ ಸಾಲುಗಳನ್ನೆಲ್ಲ ಗ್ರೆಪ್ ಮಾಡಿ (ಹುಡುಕಿ ತೆಗೆದು), ಬಂದ ಹೆಸರುಗಳನ್ನೆಲ್ಲ ಇನ್‌ಸ್ಟಾಲ್ ಮಾಡಿಬಿಟ್ಟೆ. ನಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್ ಏಳಲೇ ಇಲ್ಲ. ಅದಕ್ಕೆ ಬೇಕಾದ ಪೋರ್ಟ್ 80 ಅನ್ನು ಇನ್ನೊಂದು ವೆಬ್ ಸರ್ವರ್ ಅಪಾಚೆ ಹಿಡಿದು ಕೂತಿತ್ತು. ಅಪಾಚೆಯನ್ನು ನಾನು ಹಿಂದೆಯೇ ತೆಗೆದಿದ್ದೆ, ಆದರೆ ಪರ್ಜ್ ಮಾಡಿರಲಿಲ್ಲ, ಅಂದರೆ ಕಾನ್ಫಿಗ್ ಫೈಲುಗಳ ಸಮೇತ ಅಳಿಸಿರಲಿಲ್ಲ. ಕಾನ್ಫಿಗ್ ಫೈಲು ಉಳಿದಿದ್ದರೆ ಪ್ಯಾಕೇಜಿನ ಹೆಸರೂ ಸ್ಟೇಟಸ್ ಫೈಲಿನಲ್ಲಿ ಉಳಿಯುತ್ತದೆ. ಕೆಳಗಿನ ಸಾಲಿನಲ್ಲಿ 'ಡಿಇನ್‌ಸ್ಟಾಲ್ ಓಕೆ ಕಾನ್ಫಿಗ್-ಫೈಲ್ಸ್' ಅಂತ ಸ್ಪಷ್ಟವಾಗಿ ಬರೆದಿತ್ತು, ನಾನು ಓದಲಿಲ್ಲ. 'ಇನ್‌ಸ್ಟಾಲ್ ಓಕೆ ಇನ್‌ಸ್ಟಾಲ್ಡ್' ಅಂತ ಇರುವುದನ್ನಷ್ಟೇ ಆರಿಸಿಕೊಳ್ಳಿ.

ಅದೇ ಫೋಲ್ಡರಿನಲ್ಲಿ 'ಎಪಿಟಿ.ಎಕ್ಸ್‌ಟೆಂಡೆಡ್_ಸ್ಟೇಟ್ಸ್.0' ಕೂಡ ಇರುತ್ತದೆ. ಬೇರೆ ಪ್ಯಾಕೇಜಿನ ಬೆನ್ನಿಗೆ ತಾವಾಗಿ ಬಂದವು ಯಾವು ಅಂತ ಅದು ಹೇಳುತ್ತದೆ. ಅವನ್ನು ಕಳೆದರೆ ಪಟ್ಟಿ ತುಂಬ ಚಿಕ್ಕದಾಗುತ್ತದೆ.

ಪೈಥಾನ್‌ನ ಪಿಪ್‌ನಿಂದ ಹಾಕಿದ್ದು ಇದ್ಯಾವುದರಲ್ಲೂ ಬರುವುದಿಲ್ಲ, /ಯುಎಸ್‌ಆರ್/ಲೋಕಲ್ ನೋಡಿ. ಆರ್ಚ್ ಲಿನಕ್ಸ್‌ನವರಿಗೆ /ವಾರ್/ಲಿಬ್/ಪ್ಯಾಕ್‌ಮ್ಯಾನ್/ಲೋಕಲ್ ಬೇಕು. ಫೆಡೋರಾದಂತೆ ಆರ್‌ಪಿಎಂ ಪ್ಯಾಕೇಜು ಬಳಸುವವರಿಗೆ /ವಾರ್/ಲಿಬ್/ಆರ್‌ಪಿಎಂ. ಫೆಡೋರಾ 36ರಿಂದ ಈಚೆಗೆ ಅದು /ಯುಎಸ್‌ಆರ್/ಲಿಬ್/ಸಿಸ್‌ಇಮೇಜ್ ಒಳಗೆ ಹೋಗಿದೆ, ಅದನ್ನು ಬಿಟ್ಟೀರಿ.

ರಿಟರ್ನ್ ಕೊನೆಯ ದಿನ ಸಂಜೆ ಹೋಯಿತು. ಲೆಕ್ಕ ನೋಡುವ ಮೇಡಂ ಎರಡು ದಿನ ರಾತ್ರಿವರೆಗೆ ಕೂತು ಬಿಲ್ಲುಗಳನ್ನು ಕೈಯಲ್ಲಿ ಬರೆದಿಟ್ಟಿದ್ದರು. ಈಗ ದಿನಾ ರಾತ್ರಿ, ಆರ್‌ಸಿಂಕ್ ಶುರುವಾಗುವ ಮೊದಲು, 'ಎಪಿಟಿ-ಮಾರ್ಕ್ ಶೋಮ್ಯಾನ್ಯುಯಲ್' ಕೊಡುವ, ನಾವಾಗಿ ಹಾಕಿದ ಪ್ಯಾಕೇಜುಗಳ ಪಟ್ಟಿ /ಇಟಿಸಿ ಒಳಗೆ ಒಂದು ಫೈಲಾಗಿ ಕೂರುತ್ತದೆ.