14 ಕೋರ್ ಅಂತ ಮರುಳಾಗಿ ಕೊಂಡ ಕಂಪ್ಯೂಟರ್: ಫ್ಲೈಟ್ ಸಿಮ್ಯುಲೇಟರ್ ಆಡುವವರು ಹುಷಾರು

"ಫಿಫ್ಟಿ, ಫಾರ್ಟಿ, ಥರ್ಟಿ..."

ಎ320 ವಿಮಾನ ರನ್‌ವೇಗೆ ಇಳಿಯುವಾಗ ಎಷ್ಟು ಅಡಿ ಎತ್ತರದಲ್ಲಿದ್ದೇವೆ ಅಂತ ಹೀಗೆ ಕೂಗಿ ಹೇಳುತ್ತದೆ. ಇಪ್ಪತ್ತು ಅಡಿಗೆ ಬಂದಾಗ "ರಿಟಾರ್ಡ್" ಎನ್ನುತ್ತದೆ, ಥ್ರಾಟಲ್ ಹಿಂದಕ್ಕೆ ಎಳಿ ಅಂತ. ನನ್ನ 'ಹೊಸ' ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ (ವಿಮಾನ ಹಾರಿಸುವ ಆಟ) ಆಡುವಾಗ ಥರ್ಟಿವರೆಗೆ ಕೇಳಿಸಿತು. ಅಷ್ಟರಲ್ಲಿ ಪರದೆ ನಿಂತುಬಿಟ್ಟಿತು. ಒಂದು ಸೆಕೆಂಡ್ ಇರಬಹುದು, ಜಾಸ್ತಿ ಇಲ್ಲ. ಚಿತ್ರ ಮತ್ತೆ ಅಲುಗಾಡುವ ಹೊತ್ತಿಗೆ ಚಕ್ರ ನೆಲಕ್ಕೆ ಬಡಿದಾಗಿತ್ತು. ನಾನು ಸ್ಟಿಕ್ ಎಳೆದದ್ದು ಲೆಕ್ಕಕ್ಕೇ ಬಂದಿರಲಿಲ್ಲ.

ಒಂದು ಸಲ ಆಗಿದ್ದರೆ ಬಿಡಿ ಅನ್ನಬಹುದಿತ್ತು. ದೊಡ್ಡ ಏರ್‌ಪೋರ್ಟಿಗೆ ಹೋದಾಗಲೆಲ್ಲ ಇದೇ ಕಥೆ.

ಸೆಕೆಂಡ್ ಹ್ಯಾಂಡ್ ಭಾಗಗಳನ್ನು ಜೋಡಿಸಿ 'ಗೇಮಿಂಗ್ ಪಿಸಿ' ಅಂತ ಮಾರುವವರ ಹತ್ತಿರ ಕೊಂಡಿದ್ದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು: 14 ಕೋರ್, 28 ಥ್ರೆಡ್, 32 ಜಿಬಿ ರ್ಯಾಮ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ, ಥ್ರೆಡ್ ಅಂದರೆ ಅದು ನಡೆಸುವ ಕೆಲಸದ ಒಂದು ಸಾಲು. ನನ್ನ ಹಳೆಯದರಲ್ಲಿ ಇದ್ದದ್ದು ನಾಲ್ಕೇ ಕೋರ್. 14 ಅಂದ ತಕ್ಷಣ ನನ್ನ ಬುದ್ಧಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಮಾರಿದವರು ಸುಳ್ಳು ಹೇಳಲಿಲ್ಲ, ಬೇಜಾರು ಅದೇ. ಹೇಳಿದ್ದೆಲ್ಲ ನಿಜ. ಹೇಳದೆ ಬಿಟ್ಟದ್ದರಲ್ಲೇ ಎಲ್ಲ ಇತ್ತು.

ಅವರು ಬಿಟ್ಟದ್ದು ಪ್ರೊಸೆಸರ್‌ನ ಹೆಸರು. ಅದು ಇಂಟೆಲ್ ಝಿಯಾನ್ ಇ5-2680 ವಿ4. 2016ರಲ್ಲಿ ಸರ್ವರ್‌ಗಳಿಗೆ ಅಂತ ಬಂದದ್ದು. ಕಂಪನಿಗಳು ಹಳೆ ಸರ್ವರ್ ಬಿಚ್ಚಿದಾಗ ಇವು ರಾಶಿಗಟ್ಟಲೆ ಹೊರಗೆ ಬರುತ್ತವೆ, ಅಗ್ಗಕ್ಕೆ ಸಿಗುತ್ತವೆ. ಕೆಟ್ಟ ಪ್ರೊಸೆಸರ್ ಏನಲ್ಲ. ಒಂದೇ ಸಲ ಹತ್ತಾರು ಕೆಲಸ ನಡೆಸುವುದಕ್ಕೆ ಚೆನ್ನಾಗಿದೆ. ಆದರೆ ಅದರ ಮೂಲ ವೇಗ 2.4 ಗಿಗಾಹರ್ಟ್ಸ್, ಎಷ್ಟೇ ಉಸಿರು ಬಿಗಿಹಿಡಿದು ಓಡಿದರೂ 3.3. ಒಂದೊಂದು ಕೋರ್ ನೋಡಿದರೆ ಈಗಿನ ಕಾಲಕ್ಕೆ ನಿಧಾನ.

ಫ್ಲೈಟ್ ಸಿಮ್ಯುಲೇಟರ್‌ಗೆ ಬೇಕಾದದ್ದು ಆ ಒಂದು ಕೋರಿನ ಓಟ. ನಾನು ಆಡುವುದು ಮೈಕ್ರೋಸಾಫ್ಟ್‌ನ 2020ರ ಆವೃತ್ತಿ. ಅದರಲ್ಲಿ ಕೆಲಸದ ದೊಡ್ಡ ಪಾಲು 'ಮೇನ್ ಥ್ರೆಡ್' ಎಂಬ ಒಂದೇ ದಾರಿಯಲ್ಲಿ ಹೋಗುತ್ತದೆ. ಮನೆ ಕಟ್ಟುವ ಜಾಗದಲ್ಲಿ ಹದಿನಾಲ್ಕು ಜನ ಆಳುಗಳು ನಿಂತಿದ್ದಾರೆ ಅಂದುಕೊಳ್ಳಿ. ಮೇಸ್ತ್ರಿ ಹೇಳದೆ ಯಾರೂ ಇಟ್ಟಿಗೆ ಎತ್ತುವ ಹಾಗಿಲ್ಲ. ಮೇಸ್ತ್ರಿಯೇ ನಿಧಾನ. ಆಳುಗಳು ಎಷ್ಟಿದ್ದರೇನು?

ಇದು ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು. ಮೊದಲು ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮೋಡ, ನೆರಳು, ನೀರು ಎಲ್ಲವನ್ನೂ 'ಲೋ'ಗೆ ಇಳಿಸಿದೆ. ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಲ್ಲಿ ನಿಂತ ವಿಮಾನದೊಳಗೆ ಸೆಕೆಂಡಿಗೆ 18 ಫ್ರೇಮ್ (ಪರದೆಯ ಚಿತ್ರ) ಇದ್ದದ್ದು 19 ಆಯಿತು. ಚಿತ್ರ ಮಾತ್ರ ಹಳೆ ಕಾಲದ ಆಟದಂತೆ ಕಾಣತೊಡಗಿತು. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಬಳಕೆ ಶೇಕಡಾ 15! ಪ್ರೊಸೆಸರ್ ಆರಾಮಾಗಿ ಕೂತಿದೆ, ತಪ್ಪು ಬೇರೆಲ್ಲೋ ಇದೆ ಅಂದುಕೊಂಡೆ. ಅದು 28 ಥ್ರೆಡ್‌ಗಳ ಸರಾಸರಿ ಅಂತ ಹೊಳೆಯಲೇ ಇಲ್ಲ. ಒಂದು ಥ್ರೆಡ್ ಪೂರ್ತಿ ಸುಸ್ತಾಗಿದ್ದರೂ ಉಳಿದ 27 ಸುಮ್ನೆ ಕೂತಿದ್ದರೆ ಸರಾಸರಿ ಕಡಿಮೆಯೇ ಬರುತ್ತದೆ ಅಲ್ವಾ?

ಕೊನೆಗೆ ಆಟದೊಳಗಿನ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಪಟ್ಟಿ ತೋರಿಸು ಎಂದೆ. ಮೂಲೆಯಲ್ಲಿ ಬಂತು: 'ಲಿಮಿಟೆಡ್ ಬೈ ಮೇನ್‌ಥ್ರೆಡ್', ಅಂದರೆ ಮೇನ್ ಥ್ರೆಡ್‌ನಿಂದಲೇ ತಡೆ. ಮೂರು ವಾರ ಹುಡುಕಿದ ಉತ್ತರ ಆಟದ ಒಳಗೇ ಇತ್ತು.

ನಿಮ್ಮ ಕಂಪ್ಯೂಟರಿನಲ್ಲೂ ಇದನ್ನು ಐದು ನಿಮಿಷದಲ್ಲಿ ನೋಡಬಹುದು. ರೆಂಡರ್ ಸ್ಕೇಲಿಂಗ್ (ಚಿತ್ರ ಎಷ್ಟು ಸ್ಪಷ್ಟವಾಗಿರಬೇಕು ಅನ್ನುವ ಸೆಟ್ಟಿಂಗ್) ಅನ್ನು 100ರಿಂದ 50ಕ್ಕೆ ಇಳಿಸಿ. ಫ್ರೇಮ್ ಏರಿದರೆ ಗ್ರಾಫಿಕ್ಸ್ ಕಾರ್ಡ್‌ಗೆ ಭಾರವಾಗಿತ್ತು ಅಂತ ಅರ್ಥ. ಹಾಗೇ ಉಳಿದರೆ ಪ್ರೊಸೆಸರ್ ಕಡೆ ನೋಡಿ. ಹಾಗಾದಾಗ ಟೆರೈನ್ ಲೆವೆಲ್ ಆಫ್ ಡೀಟೇಲ್ (ನೆಲದ ಚಿತ್ರ ಎಷ್ಟು ವಿವರವಾಗಿರಬೇಕು ಅನ್ನುವುದು) ಮತ್ತು ಏರ್‌ಪೋರ್ಟಿನ ಟ್ರಾಫಿಕ್ ಇಳಿಸಿದರೆ, ಕಾಕ್‌ಪಿಟ್ ಪರದೆಗಳ ರಿಫ್ರೆಶ್ ದರ ಕಡಿಮೆ ಮಾಡಿದರೆ ಸ್ವಲ್ಪ ಉಸಿರಾಡುತ್ತದೆ. ನನ್ನದು ಅಷ್ಟು ಮಾಡಿದರೂ 24 ದಾಟಲಿಲ್ಲ.

ಕೊಳ್ಳುವ ಮೊದಲು ಡೆಮೋ ನೋಡಲಿಲ್ಲವಾ ಅಂತ ಕೇಳುತ್ತೀರಿ. ನೋಡಿದ್ದೆ. ಸೆಸ್ನಾ 172, ಕೆಳಗೆ ಸಮುದ್ರ, ಮೇಲೆ ನೀಲಿ ಆಕಾಶ. ಬೆಣ್ಣೆಯ ಹಾಗೆ ಹೋಗುತ್ತಿತ್ತು. ಹೋಗದೆ ಏನು? ಕೆಳಗೆ ಒಂದು ಮನೆ ಇಲ್ಲ, ಮರ ಇಲ್ಲ, ಕಾಕ್‌ಪಿಟ್‌ನಲ್ಲಿ ಮುಳ್ಳಿನ ಮೀಟರ್‌ಗಳು ಬಿಟ್ಟರೆ ಏನೂ ಇಲ್ಲ. ಡೆಮೋ ಕೇಳುವುದಾದರೆ ದೊಡ್ಡ ನಗರದ ಏರ್‌ಪೋರ್ಟಿನಲ್ಲಿ, ದೊಡ್ಡ ವಿಮಾನದಲ್ಲಿ, ಇಳಿಯುವಾಗಿನದ್ದು ಕೇಳಿ. ಟ್ರಾಫಿಕ್ ಆನ್ ಇರಲಿ. 'ಈಗ ಇಂಟರ್ನೆಟ್ ಸರಿ ಇಲ್ಲ' ಅಂದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ರ್ಯಾಮ್ ವಿಷಯ ಇನ್ನೂ ತಮಾಷೆ. 32 ಜಿಬಿ ನಿಜ, ಆದರೆ ಒಂದೇ ಕಡ್ಡಿ. ಆ ಪ್ರೊಸೆಸರ್ ನಾಲ್ಕು ಚಾನೆಲ್‌ಗಳಲ್ಲಿ, ಅಂದರೆ ನಾಲ್ಕು ದಾರಿಗಳಲ್ಲಿ, ರ್ಯಾಮ್ ಓದಬಲ್ಲದು, ಇವರು ಮೂರನ್ನು ಖಾಲಿ ಬಿಟ್ಟಿದ್ದರು. ಮದರ್‌ಬೋರ್ಡ್ ಬದಲಾಯಿಸಿ ಇದೇ ರ್ಯಾಮ್ ಬಳಸೋಣ ಅಂದುಕೊಂಡೆ. ಅದೂ ಆಗಲಿಲ್ಲ. ಅದು ಸರ್ವರ್‌ನ ರಿಜಿಸ್ಟರ್ಡ್ ರ್ಯಾಮ್. ಸ್ಲಾಟಿಗೆ ಕೂರುತ್ತದೆ, ಮನೆಯ ಮದರ್‌ಬೋರ್ಡ್ ಅದನ್ನು ಒಪ್ಪುವುದಿಲ್ಲ. ಡಿಡಿಆರ್4 (ರ್ಯಾಮ್‌ನ ಒಂದು ತಲೆಮಾರು) ಅಂತ ಬರೆದಿದ್ದರೆ ಸಾಲದು, ಕಡ್ಡಿಯ ಮೇಲಿನ ಚೀಟಿಯ ಫೋಟೋ ಕೇಳಿ. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಈ ಝಿಯಾನ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ.

ಹಾಗಾಗಿ ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರೂ ಹೋದವು. ಉಳಿದದ್ದು ಡಬ್ಬ, ಪವರ್ ಸಪ್ಲೈ, ಎಸ್‌ಎಸ್‌ಡಿ ಮತ್ತು 3070. ಈ ಸಲ ರೈಝೆನ್ 7 5800ಎಕ್ಸ್3ಡಿ ಪ್ರೊಸೆಸರ್ ಹಾಕಿದೆ, 16 ಜಿಬಿಯ ಎರಡು ಕಡ್ಡಿ ರ್ಯಾಮ್ ಜೊತೆಗೆ. ಎಂಟೇ ಕೋರ್. ಆದರೆ 4.5 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಎಲ್3 ಕ್ಯಾಶೆ (ಪ್ರೊಸೆಸರ್‌ನಲ್ಲೇ ಇರುವ ಪುಟ್ಟ, ವೇಗದ ಮೆಮೊರಿ) 96 ಎಂಬಿ ಇದೆ. ಸಿಮ್ಯುಲೇಟರ್‌ಗೆ ಈ ಕ್ಯಾಶೆ ತುಂಬಾ ಮುಖ್ಯ. ಪದೇ ಪದೇ ಬೇಕಾಗುವ ಮಾಹಿತಿ ಕೈಗೆಟಕುವ ಕಪಾಟಿನಲ್ಲೇ ಸಿಗುತ್ತದೆ, ಪ್ರತಿ ಸಲ ರ್ಯಾಮ್ ಎಂಬ ಉಗ್ರಾಣಕ್ಕೆ ಓಡಬೇಕಿಲ್ಲ. ಹೊಸದಾಗಿ ಕಟ್ಟುವವರು 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿ ನೋಡಬಹುದು, ಅವಕ್ಕೆ ಡಿಡಿಆರ್5 ಬೇಕು. ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ಜೆಎಫ್‌ಕೆ, ಅದೇ ಎ320. ಈಗ 36ರಿಂದ 40 ಫ್ರೇಮ್. ಅದಕ್ಕಿಂತ ಖುಷಿ ಕೊಟ್ಟದ್ದು ಜರ್ಕ್ ನಿಂತದ್ದು. ವಿಮಾನ ಹಾರಿಸುವಾಗ ನಡುಗದ 30 ಫ್ರೇಮ್ ಇದ್ದರೆ ನನಗೆ ಸಾಕು. 60 ಇದ್ದು ಆಗಾಗ ಎಡವುವುದಾದರೆ ಬೇಡ.

ಲ್ಯಾಪ್‌ಟಾಪ್ ನೋಡುತ್ತಿರುವವರಿಗೆ ಒಂದು ಮಾತು. ಅಲ್ಲಿ ಇದೇ ಚಾಲಾಕಿ ಗ್ರಾಫಿಕ್ಸ್ ಕಾರ್ಡ್‌ನ ಹೆಸರಿನಲ್ಲಿ ನಡೆಯುತ್ತದೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 24 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 4090ರಲ್ಲಿ 16. ಹೆಸರು ಒಂದೇ, ಚಿಪ್ ಬೇರೆ. ಒಂದೇ ಹೆಸರಿನ ಎರಡು ಲ್ಯಾಪ್‌ಟಾಪ್‌ಗಳಲ್ಲೂ ಕಾರ್ಡ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅನ್ನುವುದರ ಮೇಲೆ ವೇಗ ಬದಲಾಗುತ್ತದೆ. ವ್ಯಾಟ್ ಎಷ್ಟು ಅಂತ ಕೇಳಿ. ಯೋಕ್ (ವಿಮಾನದ ಸ್ಟೀರಿಂಗ್), ಥ್ರಾಟಲ್, ಪೆಡಲ್ ಇದ್ದರೆ ಯುಎಸ್‌ಬಿ ಪೋರ್ಟ್ ಎಷ್ಟಿವೆ ಅಂತಲೂ ಎಣಿಸಿ.

ಮಾರಿದವರಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಸರ್, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನಿಮ್ಮ ಗೇಮ್‌ನಲ್ಲೇ ಏನೋ ಪ್ರಾಬ್ಲಂ ಇರಬೇಕು" ಎಂದರು. ವಾಪಸ್ ತೆಗೆದುಕೊಳ್ಳಲಿಲ್ಲ. ಮೊನ್ನೆ ಅವರ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಪ್ರೊಸೆಸರ್ ಹೆಸರು ಈಗಲೂ ಇಲ್ಲ. 14 ಕೋರ್ ಇದ್ದದ್ದು 18 ಆಗಿದೆ.