ಹಿತ್ತಲಿಗೆ ಚಪ್ಪರವೋ, ಶೀಟೋ, ಕಲ್ಲುಹಾಸೋ?

"ಐದಾರು ವರ್ಷ ಬಿಟ್ಟು ಮನೆ ಮಾರಬೇಕು, ಹಿತ್ತಲಿಗೆ ಏನು ಮಾಡಿಸಿದರೆ ಬೆಲೆ ಬರುತ್ತದೆ?" ಅಂತ ದಾವಣಗೆರೆಯ ಗೆಳೆಯರೊಬ್ಬರು ಕೇಳಿದರು.

ಅಡಿಕೆ ದಬ್ಬೆಯ ಚಪ್ಪರ ಅಗ್ಗ. ದಬ್ಬೆ ಚನ್ನಗಿರಿ ಕಡೆಯಿಂದ ಸಿಗುತ್ತದೆ, ಮೇಲೆ ಮಲ್ಲಿಗೆ ಹಬ್ಬಿಸಬಹುದು. ಆದರೆ ಬುಡ ಬೇಗ ಲಡ್ಡಾಗುತ್ತದೆ, ಗೆದ್ದಲು ಬೇರೆ. ಮೂರನೇ ಮಳೆಗಾಲಕ್ಕೆ ನಮ್ಮನೆ ಕಂಬ ಬೆರಳಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಕಬ್ಬಿಣದ ಪೈಪಿಗೆ ಶೀಟು ಹಾಕಿಸಿದರೆ ಬಾಳಿಕೆ ಜಾಸ್ತಿ, ಮಳೆಯಲ್ಲೂ ಬಟ್ಟೆ ಒಣಗುತ್ತದೆ. ಏಪ್ರಿಲ್ ಮಧ್ಯಾಹ್ನ ಮಾತ್ರ ಅದರಡಿ ಕೂತು ನೋಡಿ, ಕಾದ ಹಂಚು ತಲೆ ಮೇಲಿಟ್ಟಂತೆ! ಸೆಟ್‌ಬ್ಯಾಕ್, ಅಂದರೆ ನಿಯಮದ ಪ್ರಕಾರ ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ ಮುಚ್ಚಿದರೆ, ಮಾರುವಾಗ ಮಂಜೂರಾದ ನಕ್ಷೆಯಂತಿಲ್ಲ ಅನ್ನುವ ತಕರಾರೂ ಬರಬಹುದು.

ಕಲ್ಲು ಹಾಸಿ, ಒಂದು ಕಟ್ಟೆ ಕಟ್ಟಿ, ಗೋಡೆಯಿಂದ ದೂರ ಒಂದು ಬೇವು ನೆಟ್ಟರೆ ಖರ್ಚು ಒಂದೇ ಸಲ. ನುಣುಪು ಕಲ್ಲು ಬೇಡ, ನೀರು ಬಿದ್ದರೆ ಜಾರುತ್ತದೆ. ನೆರಳಿಗೆ ಕೆಲವು ವರ್ಷ ಕಾಯಬೇಕು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಹಿಡಿದು ಕೂರಲು ನನಗಂತೂ ಇದೇ ಇಷ್ಟ.

ಬ್ಯಾಂಕಿನವರು ಬೆಲೆ ಕಟ್ಟುವಾಗ ನಿವೇಶನ, ಕಟ್ಟಡದ ಅಳತೆಯನ್ನೇ ಹೆಚ್ಚು ನೋಡುತ್ತಾರೆ. ಹಿತ್ತಲಿಗೆ ಮನಸೋಲುವುದು ಕೊಳ್ಳಲು ಬಂದವರು, ಅಲ್ವಾ? ಹಾಗಾಗಿ ಮಾರುವವರಿಗೆ ಕಲ್ಲುಹಾಸು, ಬಾಡಿಗೆಗೆ ಕೊಡುವವರಿಗೆ ಶೀಟು, ಕೈ ಬಿಗಿ ಇದ್ದು ತಾವೇ ಇರುವವರಿಗೆ ಚಪ್ಪರ.